ಅಜ್ಜಿಯ ಬಟ್ಟಲಿನ ತೂಕ

ಅತ್ತಿಗೆ ಆ ಬಟ್ಟಲನ್ನು ಮನೆಗೆ ತಂದ ದಿನದಿಂದ ಅಜ್ಜಿ ನನ್ನ ಕೈಯಿಂದ ಉಣ್ಣುವುದನ್ನು ಬಿಟ್ಟಳು.

ಅದಕ್ಕೆ ಮುಂಚೆ ಎರಡು ವರ್ಷ ಅವಳಿಗೆ ಊಟ ಮಾಡಿಸುತ್ತಿದ್ದವಳು ನಾನು. ಅಜ್ಜಿಯ ಕೈ ನಡುಗುತ್ತಿತ್ತು. ಸ್ಟೀಲಿನ ಬಟ್ಟಲು ಕೊಟ್ಟರೆ ಜಾರಿ ಮಡಿಲಿಗೆ ಬೀಳುತ್ತಿತ್ತು. ಡಿಗ್ರಿ ಮುಗಿಸಿ ಕೆಲಸ ಸಿಗದೆ ಮನೆಯಲ್ಲಿ ಕುಳಿತ ನನಗೆ ಅದೇ ಉದ್ಯೋಗ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡಕ್ಕೆ, ಸಂಜೆ ಏಳೂವರೆಗೆ ಅವಳ ಮಂಚದ ಪಕ್ಕ ಕೂತು ಒಂದೊಂದೇ ಚಮಚ ಬಾಯಿಗಿಡುತ್ತಿದ್ದೆ. ಮನೆಗೆ ಯಾರಾದರೂ ಬಂದರೆ ಒಳಕೋಣೆ ಸೇರಿಕೊಳ್ಳುವ ನಾನು ಅಲ್ಲಿ ಮಾತ್ರ ಬಾಯಿ ಬಿಡುತ್ತಿದ್ದೆ. ಅಣ್ಣ ನನ್ನನ್ನು ಗುಮ್ಮನಗುಸ್ಕ ಎಂದು ಕರೆಯುತ್ತಿದ್ದ. ಅಜ್ಜಿ ಒಪ್ಪುತ್ತಿರಲಿಲ್ಲ. ನನ್ನ ಹತ್ತಿರ ಇವಳು ರೇಡಿಯೋ ಇದ್ದ ಹಾಗೆ, ಕಿವಿ ಹಿಂಡಿದರೆ ಸಾಕು, ತಾನಾಗಿ ಹಾಡುತ್ತೆ ಎನ್ನುತ್ತಿದ್ದಳು.

ನಮ್ಮದು ದೊಡ್ಡ ಮನೆಯಲ್ಲ. ಅಪ್ಪ ತೀರಿಕೊಂಡು ಆರು ವರ್ಷವಾಗಿದೆ. ಅಮ್ಮ ಮನೆಯಲ್ಲೇ ಬನ್ನು, ಬಿಸ್ಕತ್ತು ಮಾಡಿ ಎರಡು ಚಹಾದಂಗಡಿಗಳಿಗೆ ಕೊಡುತ್ತಾಳೆ. ಅಣ್ಣ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನ ಮದುವೆಯಾಗಿ ಐದು ತಿಂಗಳು. ಅತ್ತಿಗೆ ಮಣ್ಣಿನ ಪಾತ್ರೆ ಮಾಡುವ ವರ್ಕ್‌ಶಾಪಿನಲ್ಲಿ ತಿರುಗುವ ತಿಗರಿಯ ಮುಂದೆ ಕೂರುವವಳು. ಅವಳ ಉಗುರಿನ ಸಂದಿಯಲ್ಲಿ ಯಾವಾಗಲೂ ಬೂದು ಬಣ್ಣದ ಗೆರೆ ಇರುತ್ತಿತ್ತು. ಅದನ್ನು ಕಂಡರೆ ಅಮ್ಮನಿಗೆ ಮೊದಮೊದಲು ಮುಜುಗರ. ಹಿಟ್ಟಿಗೆ ಕೈ ಹಾಕುವ ಮುಂಚೆ ಬ್ರಷ್ ಹಾಕಿ ಉಜ್ಜಿಕೋ ಎನ್ನುತ್ತಿದ್ದಳು. ಅತ್ತಿಗೆ ಬೇಸರಿಸದೆ ಉಜ್ಜಿಕೊಳ್ಳುತ್ತಿದ್ದಳು. ಬೇಸರಿಸಿಕೊಂಡಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಒಂದು ಶನಿವಾರ ಅವಳು ಹಳೇ ಪೇಪರಿನಲ್ಲಿ ಸುತ್ತಿ ಆರು ಬಟ್ಟಲು ತಂದಳು. ಸ್ಟೋನ್‌ವೇರ್ ಅಂತೆ. ಮಾಮೂಲಿ ಮಡಕೆಗಿಂತ ಎಷ್ಟೋ ಹೆಚ್ಚು ಬೆಂಕಿಯಲ್ಲಿ ಬೆಂದು ಕಲ್ಲಿನಂತಾಗುವ ಮಣ್ಣು. ಮೇಲೆ ಗಾಜಿನಂಥ ಹೊಳಪಿನ ಲೇಪ ಇರಲಿಲ್ಲ. ಐದು ಬಟ್ಟಲು ಹೊಳೆಯ ಕಲ್ಲಿನ ಹಾಗೆ ಬೂದು ಬಣ್ಣದವು. ಆರನೆಯದು ಮಾತ್ರ ಬೇರೆ. ಅದರ ಬಣ್ಣ ಅಮ್ಮನ ಬಿಸ್ಕತ್ತಿನಂತೆ ಹದವಾದ ಕಂದು. ತಳ ಭಾರ, ಅಂಚು ಒಳಕ್ಕೆ ಬಾಗಿತ್ತು, ಪಕ್ಕದಲ್ಲಿ ನಾಲ್ಕು ಬೆರಳು ಕೂರುವಂತೆ ತಗ್ಗು. ಅದನ್ನು ಅಜ್ಜಿಯ ಕೈಯ ಅಳತೆ ತೆಗೆದುಕೊಂಡೇ ಮಾಡಿದ್ದಳಂತೆ. ಅಳತೆ ಯಾವಾಗ ತೆಗೆದುಕೊಂಡಳೋ, ನಾನು ಮನೆಯಲ್ಲೇ ಇದ್ದರೂ ನನಗೆ ಗೊತ್ತಾಗಿರಲಿಲ್ಲ.

ಲೇಪ ಇಲ್ಲದ ಪಾತ್ರೆಯಲ್ಲಿ ಊಟ ಮಾಡಬಹುದೇ ಎಂದು ಅಮ್ಮ ಅನುಮಾನ ತೆಗೆದಳು. ಅತ್ತಿಗೆ ವಿವರಿಸಿದಳು. ಸರಿಯಾಗಿ ಬೆಂದ ಸ್ಟೋನ್‌ವೇರ್ ನೀರು ಕುಡಿಯುವುದಿಲ್ಲ, ಆದ್ದರಿಂದ ಅನ್ನದ ಗಂಜಿಯಾಗಲಿ ಎಣ್ಣೆಯಾಗಲಿ ಒಳಗೆ ಇಳಿಯುವುದಿಲ್ಲ. ಆದರೂ ಕೆಲವು ಕಟ್ಟಳೆ ಇವೆ. ಉಂಡ ತಕ್ಷಣ ಬಿಸಿನೀರಿನಲ್ಲಿ ಬ್ರಷ್ ಹಾಕಿ ತೊಳೆಯಬೇಕು. ಸೋಪಿನ ನೀರಲ್ಲಿ ನೆನೆಹಾಕಬಾರದು. ಒರೆಸಿ, ಗಾಳಿಯಾಡುವ ಕಡೆ ಪೂರ್ತಿ ಒಣಗಿಸಿ ಆಮೇಲೆ ಕಪಾಟಿನಲ್ಲಿಡಬೇಕು. ಫ್ರಿಜ್ಜಿನಿಂದ ತೆಗೆದು ಒಲೆಯ ಮೇಲಿಟ್ಟರೆ ಸೀಳುತ್ತೆ.

"ಬಟ್ಟಲಿಗೂ ಬಾಣಂತನ ಮಾಡ್ಬೇಕು ಅನ್ನು," ಎಂದಳು ಅಮ್ಮ.

ಅತ್ತಿಗೆ ನಕ್ಕಳು. ಅಮ್ಮನೂ ನಕ್ಕಳು. ಇಬ್ಬರೂ ಸೇರಿ ನಕ್ಕಿದ್ದು ಅದೇ ಮೊದಲು. ನಾನು ಪಾತ್ರೆ ತೊಳೆಯುವ ಕಡೆಗೆ ತಿರುಗಿಕೊಂಡೆ, ಆ ಬಾಣಂತನ ಯಾರ ಪಾಲಿಗೆ ಬರುತ್ತದೆ ಎಂದು ನನಗೆ ಗೊತ್ತಿತ್ತು.

ಆ ಸಂಜೆ ಅಜ್ಜಿ ಬಟ್ಟಲನ್ನು ತಾನೇ ಹಿಡಿದಳು. ಒರಟು ಮೈ, ಜಾರಲಿಲ್ಲ. ಅಂಚಿಗೆ ತಾಗಿ ಅನ್ನ ತಾನಾಗಿ ಚಮಚಕ್ಕೆ ಏರಿತು. ಹಾಲಿನಲ್ಲಿ ಕಲಸಿದ ಅನ್ನವನ್ನು ಅರ್ಧ ಗಂಟೆ ಹಿಡಿದು ಒಬ್ಬಳೇ ಉಂಡು ಮುಗಿಸಿದಳು. "ನೋಡೇ, ಒಂದಗಳೂ ಚೆಲ್ಲಿಲ್ಲ," ಎಂದು ಖಾಲಿ ಬಟ್ಟಲು ತೋರಿಸಿದಳು. ತೋರಿಸಿದ್ದು ಅತ್ತಿಗೆಗೆ. ನಾನು ಪಕ್ಕದಲ್ಲೇ ಒರೆಸುವ ಬಟ್ಟೆ ಹಿಡಿದು ನಿಂತಿದ್ದೆ. ಅದರ ಅಗತ್ಯ ಬೀಳಲಿಲ್ಲ.

ಮೂರು ವಾರ ಹೀಗೇ ನಡೆಯಿತು. ಅಜ್ಜಿಗೆ ಕೈ ಬಂದಂತೆ ಬಾಯಿಯೂ ಬಂತು. ಸಂಜೆ ಅತ್ತಿಗೆ ಕೆಲಸದಿಂದ ಬರುವುದನ್ನೇ ಕಾದು ಕೂತಿದ್ದು, ಬಂದ ಕೂಡಲೇ ಕರೆಯುತ್ತಿದ್ದಳು. ನನಗೆ ಹೇಳಿದ್ದ ಹಳೇ ಕತೆಗಳನ್ನೇ ಅವಳಿಗೂ ಹೇಳುತ್ತಿದ್ದಳು. ನನಗೆ ಹೇಳದ ಒಂದೆರಡನ್ನೂ ಹೇಳಿದಳು. ಅಮ್ಮ ತಟ್ಟೆಯಿಂದ ಮೊದಲು ಎತ್ತುವ ಬಿಸಿ ಬನ್ನು ಚಿಕ್ಕಂದಿನಿಂದ ನನ್ನದು. ಒಂದು ದಿನ ಅದನ್ನೂ ಅತ್ತಿಗೆಯ ಕೈಗಿಟ್ಟಳು. ನಾನು ಎರಡನೆಯದನ್ನು ಮುಟ್ಟಲಿಲ್ಲ. ಯಾರೂ ಗಮನಿಸಲಿಲ್ಲ. ಸಂಜೆ ಹಸಿವಾಗಿ ತಣ್ಣಗಿದ್ದದ್ದನ್ನೇ ತಿಂದೆ.

ಪಾತ್ರೆ ತೊಳೆಯುವವರಿಗೆ ಮಾತ್ರ ಗೊತ್ತಾಗುವ ಕೆಲವು ಸಂಗತಿಗಳಿರುತ್ತವೆ. ಬೂದು ಬಟ್ಟಲುಗಳು ಒರೆಸಿದ ಹತ್ತು ನಿಮಿಷಕ್ಕೆ ಒಣಗುತ್ತಿದ್ದವು. ಅಜ್ಜಿಯ ಬಟ್ಟಲು ಹಾಗಲ್ಲ. ಸಂಜೆ ತೊಳೆದು ಪೇಪರಿನ ಮೇಲೆ ಬೋರಲು ಹಾಕಿದರೆ ಬೆಳಿಗ್ಗೆ ಎತ್ತುವಾಗ ಪೇಪರಿನಲ್ಲಿ ದುಂಡಗೆ ಒದ್ದೆ ಗುರುತು. ಮೂಗಿನ ಹತ್ತಿರ ತಂದರೆ ಹುಳಿ ಹಾಲಿನ ಸಣ್ಣ ವಾಸನೆ. ಬಿಸಿನೀರು ಸುರಿದರೆ ವಾಸನೆ ಹೆಚ್ಚಾಗುತ್ತಿತ್ತು.

ಬೆಂದಿದೆಯೋ ಇಲ್ಲವೋ ಎಂದು ವರ್ಕ್‌ಶಾಪಿನಲ್ಲಿ ಹೇಗೆ ನೋಡುತ್ತೇವೆ ಎಂದು ಅತ್ತಿಗೆ ಹಿಂದೊಮ್ಮೆ ಅಜ್ಜಿಗೆ ಹೇಳುತ್ತಿದ್ದಳು. ನಾನು ಬಾಗಿಲ ಹೊರಗೆ ಬಟ್ಟೆ ಮಡಚುತ್ತಾ ಕೇಳಿಸಿಕೊಂಡಿದ್ದೆ. ಉಗುರಿನಿಂದ ಬಾರಿಸಿದರೆ ಗಂಟೆಯ ಹಾಗೆ ನಾದ ಬರಬೇಕು. ನಾಲಿಗೆ ತಾಗಿಸಿದರೆ ಅಂಟಬಾರದು. ಖಚಿತ ಬೇಕೆಂದರೆ ತೂಕ. ಒಣಗಿದ್ದನ್ನು ತೂಗಿ, ನೀರಿನಲ್ಲಿ ಗಂಟೆಗಟ್ಟಲೆ ಕುದಿಸಿ, ಅದೇ ನೀರಿನಲ್ಲಿ ಬಿಟ್ಟು, ಮೇಲಿನ ನೀರು ಒರೆಸಿ ಮತ್ತೆ ತೂಗಬೇಕು. ನೂರು ಗ್ರಾಂಗೆ ಒಂದೆರಡು ಗ್ರಾಂ ಹೆಚ್ಚಾದರೆ ಪರವಾಗಿಲ್ಲ. ಅದಕ್ಕಿಂತ ಜಾಸ್ತಿ ನೀರು ಕುಡಿದರೆ ಅದು ಹೂಕುಂಡಕ್ಕೆ ಸರಿ, ಊಟಕ್ಕಲ್ಲ. ಕುಡಿದದ್ದೆಲ್ಲ ಒಳಗೇ ಕೊಳೆಯುತ್ತೆ.

ಮಂಗಳವಾರ ಬೆಳಿಗ್ಗೆ ಅಮ್ಮ ಬನ್ನು ತೆಗೆದ ಮೇಲೆ ಬಿಸಿ ಆರದ ಓವನ್ನಿನಲ್ಲಿ ಅಜ್ಜಿಯ ಬಟ್ಟಲನ್ನೂ ಒಂದು ಬೂದು ಬಟ್ಟಲನ್ನೂ ಒಣಗಲು ಇಟ್ಟೆ. ಅಮ್ಮ ಅಂಗಡಿಗಳಿಗೆ ಹೋಗಿದ್ದಳು. ಹಿಟ್ಟು ತೂಗುವ ತಕ್ಕಡಿಯ ಮೇಲಿಟ್ಟೆ. ಅಜ್ಜಿಯದು ನಾನೂರ ಇಪ್ಪತ್ತು ಗ್ರಾಂ, ಬೂದು ಬಟ್ಟಲು ನಾನೂರ ಹದಿನೆಂಟು. ಅಜ್ಜಿಗೆ ಮಧ್ಯಾಹ್ನದ ಊಟ ಆದ ಮೇಲೆ ಎರಡನ್ನೂ ತೊಳೆದು, ದೊಡ್ಡ ಪಾತ್ರೆಯಲ್ಲಿ ಒಂದು ಗಂಟೆಯಿಂದ ಐದರವರೆಗೆ ಕುದಿಸಿದೆ. ಮಗುವಿನ ಬಾಟಲಿ ಕುದಿಸುವ ಹಾಗೆ ಇದೇನೇ ಎಂದು ಅಮ್ಮ ಕೇಳಿದಳು. ವಾಸನೆ ಹೋಗಲಿ ಅಂತ ಎಂದೆ. ಅದು ಪೂರ್ತಿ ಸುಳ್ಳೇನೂ ಅಲ್ಲ.

ಏಳು ಗಂಟೆಗೆ ಒರೆಸಿ ತೂಗಿದೆ. ಬೂದು ಬಟ್ಟಲು ಎರಡೇ ಗ್ರಾಂ ಏರಿತ್ತು. ಅಜ್ಜಿಯದು ನಾನೂರ ನಲವತ್ತಾರು. ಇಪ್ಪತ್ತಾರು ಗ್ರಾಂ ನೀರು ಕುಡಿದು ಕೂತಿತ್ತು. ನೂರಕ್ಕೆ ಆರಕ್ಕೂ ಹೆಚ್ಚು. ನಾಲಿಗೆಯ ತುದಿ ತಾಗಿಸುವ ಅಗತ್ಯವೇ ಇರಲಿಲ್ಲ.

ನನಗೆ ಆದ ಖುಷಿಯನ್ನು ಇಲ್ಲಿ ಮುಚ್ಚಿಡುವುದಿಲ್ಲ. ಪರೀಕ್ಷೆಯಲ್ಲಿ ಮೊದಲ ದರ್ಜೆ ಬಂದಾಗಲೂ ಅಷ್ಟು ಆಗಿರಲಿಲ್ಲ. ದಿನಚರಿ ತೆಗೆದು ವಾರ, ಗಂಟೆ, ಎರಡು ಬಟ್ಟಲುಗಳ ತೂಕ ಎಲ್ಲವನ್ನೂ ಸಾಲಾಗಿ ಬರೆದೆ.

ಅವತ್ತೇ ಹೇಳುವವಳಿದ್ದೆ. ಅಷ್ಟರಲ್ಲಿ ಅತ್ತಿಗೆ ಚಪ್ಪಲಿ ಬಿಡುವ ಮುಂಚೆಯೇ ಸುದ್ದಿ ಹೇಳಿದಳು. ಭಾನುವಾರ ಅವಳ ವರ್ಕ್‌ಶಾಪಿನ ಯಜಮಾನಿ ನಮ್ಮ ಮನೆಗೆ ಊಟಕ್ಕೆ ಬರುತ್ತಾರೆ. ಪಾತ್ರೆ ಬೇಯಿಸುವ ಗೂಡಿಗೆ ಬೆಂಕಿ ಹಾಕುವ ಹಳೇ ಮೇಸ್ತ್ರಿ ಕೆಲಸ ಬಿಡುತ್ತಿದ್ದಾರೆ, ಗೂಡಿನ ಜವಾಬ್ದಾರಿಯನ್ನು ಅತ್ತಿಗೆಗೆ ಕೊಡುವ ಯೋಚನೆ ಇದೆ. ಅಣ್ಣ ಅವಳ ಬ್ಯಾಗು ಕಿತ್ತುಕೊಂಡು ತಾನೇ ಹೊತ್ತ. ಅಮ್ಮ ಏನು ಅಡುಗೆ ಎಂದು ಆಗಲೇ ಬೆರಳು ಮಡಿಸತೊಡಗಿದಳು. ಒಳಗಿಂದ ಅಜ್ಜಿ, "ಮೇಸ್ತ್ರಿ ಬಂದ್ಲೇನೋ?" ಎಂದು ಕೂಗಿದಳು.

ನಾನು ದಿನಚರಿಯನ್ನು ದಿಂಬಿನ ಕೆಳಗೆ ತಳ್ಳಿದೆ. ಭಾನುವಾರದವರೆಗೆ ಇರಲಿ ಎಂದುಕೊಂಡೆ. ಆಮೇಲೆ ಅದೇ ಬಟ್ಟಲಿನಲ್ಲಿ ಅಜ್ಜಿಗೆ ಅನ್ನ ಕಲಸಿಕೊಟ್ಟೆ.

ಗುರುವಾರ ಬೆಳಿಗ್ಗೆ ಅಜ್ಜಿಗೆ ಹೊಟ್ಟೆ ಕೆಟ್ಟಿತು. ಮಧ್ಯಾಹ್ನದ ಹೊತ್ತಿಗೆ ಏಳು ಸಲ ಹೋಗಿದ್ದಳು. ನಾನೂ ಅಮ್ಮನೂ ಎರಡು ಕಡೆ ಹಿಡಿದುಕೊಂಡು ಬಚ್ಚಲಿಗೆ ನಡೆಸಿದೆವು. ಅವಳ ತೋಳು ಬಟ್ಟೆಯ ಚೀಲದಂತೆ ಹಗುರವಾಗಿತ್ತು. ಕ್ಲಿನಿಕ್ಕಿನ ಡಾಕ್ಟರು ಬಂದು ನಾಲಿಗೆ ನೋಡಿದರು, ಚರ್ಮ ಎಳೆದು ಬಿಟ್ಟು ನೋಡಿದರು. ಈ ವಯಸ್ಸಲ್ಲಿ ನೀರು ಹೋದರೆ ಕಷ್ಟ, ಇವತ್ತು ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಸೇರಿಸಬೇಕಾಗುತ್ತೆ ಎಂದರು. ಏನು ತಿಂದಿದ್ದರು ಎಂದು ಕೇಳಿದರು.

ಹಿಂದಿನ ಸಂಜೆ ಮೊಟ್ಟೆ ಬೇಯಿಸಿ ಕೊಟ್ಟವಳು ಅತ್ತಿಗೆ. ಡಾಕ್ಟರು ಹೋದ ಮೇಲೆ ಅಮ್ಮ ಅದನ್ನು ಹಿಡಿದುಕೊಂಡಳು. ಮುದುಕಿಗೆ ಸಂಜೆ ಹೊತ್ತು ಮೊಟ್ಟೆ ಯಾರಾದರೂ ಕೊಡುತ್ತಾರೆಯೇ, ಕೇಳಿ ಕೊಡಬಾರದೇ, ಎಲ್ಲಾ ತನಗೇ ಗೊತ್ತು ಅಂದುಕೊಂಡರೆ ಹೀಗೇ ಎಂದಳು. ಅತ್ತಿಗೆ, ಎಲ್ಲರೂ ಅದೇ ಮೊಟ್ಟೆ ತಿಂದೆವಲ್ಲ ಅತ್ತೆ ಎಂದಳು. ಅಣ್ಣ ನಡುವೆ ಬಾಯಿ ಹಾಕಿ ಇಬ್ಬರಿಂದಲೂ ಬೈಸಿಕೊಂಡ. ನಾನು ಸಕ್ಕರೆ ಉಪ್ಪು ಬೆರೆಸಿದ ನೀರನ್ನು ಸ್ಟೀಲಿನ ಲೋಟದಲ್ಲಿ ಒಯ್ದು ಅಜ್ಜಿಯ ಬಾಯಿಗೆ ಹಿಡಿದೆ. ಅವಳು ಮುಖ ತಿರುಗಿಸಿದಳು.

"ನನ್ನ ಬಟ್ಟಲಲ್ಲಿ ಕೊಡೇ. ಇದು ಹಲ್ಲಿಗೆ ತಣ್ಣಗೆ ತಾಗುತ್ತೆ."

ಅತ್ತಿಗೆ ಓಡಿಹೋಗಿ ಆ ಬಟ್ಟಲನ್ನೇ ತಂದಳು. ನಾನು ಲೋಟದ ನೀರನ್ನು ಅದಕ್ಕೆ ಸುರಿದೆ. ಅದರಲ್ಲಿ ಬೇಡ ಅತ್ತಿಗೆ ಎಂದಿದ್ದರೆ ಸಾಕಿತ್ತು. ನಾಲ್ಕು ಪದ ಕೂಡ ಇಲ್ಲ. ಆದರೆ ಹೇಳಲಿಲ್ಲ. ಭಾನುವಾರಕ್ಕೆ ಇನ್ನು ಮೂರೇ ದಿನ, ಕಾರಣ ಮೊಟ್ಟೆಯೂ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಅಜ್ಜಿ ಗುಟುಕು ಗುಟುಕಾಗಿ ಕುಡಿದಳು.

ಶನಿವಾರದ ಹೊತ್ತಿಗೆ ಅಜ್ಜಿ ದಿಂಬಿಗೆ ಒರಗಿ ಕೂರುವಂತಾದಳು. ಊಟ ರದ್ದು ಮಾಡೋಣವೇ ಎಂದು ಅತ್ತಿಗೆ ಕೇಳಿದ್ದಕ್ಕೆ ಅಜ್ಜಿಯೇ ಬೇಡ ಎಂದಳಂತೆ.

ಭಾನುವಾರ ಯಜಮಾನಿ ಬಂದರು. ಕೂದಲು ಮೋಟಾಗಿ ಕತ್ತರಿಸಿದ, ಮಾತು ಕಡಿಮೆಯ ಹೆಂಗಸು. ಊಟಕ್ಕೆ ಕೂತಾಗ ಬೂದು ಬಟ್ಟಲನ್ನು ತಲೆಕೆಳಗು ಮಾಡಿ ತಳ ನೋಡಿ, ಆಮೇಲೆ ಬಡಿಸಲು ಬಿಟ್ಟರು. ಅದು ಅವರ ಅಭ್ಯಾಸ ಎಂದು ಅತ್ತಿಗೆ ಅಮ್ಮನಿಗೆ ಪಿಸುಗುಟ್ಟಿದಳು. ಅಜ್ಜಿ ಮೊದಲೇ ಊಟ ಮುಗಿಸಿ ಒಳಗೆ ನಿದ್ದೆ ಹೋಗಿದ್ದಳು. ಯಜಮಾನಿ ಅಮ್ಮನ ಬನ್ನು ಹೊಗಳಿದರು, ಅತ್ತಿಗೆಯ ಕೈ ಹೊಗಳಿದರು. ಅಜ್ಜಿಗೆಂದೇ ಒಂದು ಬಟ್ಟಲು ಮಾಡಿದ್ದಾಳೆ ಎಂದು ಅಣ್ಣ ಹೆಮ್ಮೆಯಿಂದ ಶುರು ಮಾಡಿದ. ಎಲ್ಲಿ, ತೋರಿಸಿ ಎಂದರು.

ನಾನು ತಂದೆ. ಒಂದು ಕೈಯಲ್ಲಿ ಬಟ್ಟಲು, ಇನ್ನೊಂದರಲ್ಲಿ ದಿನಚರಿ.

ಹೊರಗಿನವರ ಮುಂದೆ ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ನಿಂತುಕೊಂಡೇ ಓದಿದೆ. ಒಣಗಿದಾಗ ನಾನೂರ ಇಪ್ಪತ್ತು. ನಾಲ್ಕು ಗಂಟೆ ಕುದಿಸಿ, ಎರಡು ಗಂಟೆ ನೆನೆಸಿದ ಮೇಲೆ ನಾನೂರ ನಲವತ್ತಾರು. ಬೂದು ಬಟ್ಟಲಾದರೆ ಎರಡೇ ಗ್ರಾಂ. ಈ ಬಟ್ಟಲು ಸರಿಯಾಗಿ ಬೆಂದಿಲ್ಲ, ಇದು ಊಟಕ್ಕೆ ಯೋಗ್ಯವಲ್ಲ. ಧ್ವನಿ ನಡುಗಲಿಲ್ಲ. ಅದನ್ನು ನಾನೇ ಕೇಳಿ ಮೆಚ್ಚಿಕೊಂಡೆ.

ಯಜಮಾನಿ ಕೈಚಾಚಿ ಬಟ್ಟಲು ತೆಗೆದುಕೊಂಡು ಉಗುರಿನಿಂದ ಬಾರಿಸಿದರು. ಮರದ ಹಲಗೆ ತಟ್ಟಿದಂತೆ ಸದ್ದು ಬಂತು. ಅವರು ಅತ್ತಿಗೆಯನ್ನು ನೋಡಿದರು.

ಅತ್ತಿಗೆ ನನ್ನನ್ನು ನೋಡುತ್ತಿದ್ದಳು. "ಯಾವತ್ತು ತೂಗಿದ್ದು?"

ಪುಟದ ಮೇಲೆ ಬರೆದೇ ಇತ್ತು. ನಾನು ಬೆರಳಿಟ್ಟು ಓದಿದೆ. "ಮಂಗಳವಾರ. ಸಂಜೆ ಏಳು ಗಂಟೆ."

"ಮಂಗಳವಾರ," ಎಂದಳು ಅತ್ತಿಗೆ. "ಅಜ್ಜಿಗೆ ಹುಷಾರು ತಪ್ಪಿದ್ದು ಗುರುವಾರ."

ಅಷ್ಟೇ ಹೇಳಿದಳು, ದನಿ ಏರಿಸಲೂ ಇಲ್ಲ. ಅಣ್ಣನ ಕೈಯಲ್ಲಿದ್ದ ತುತ್ತು ತಟ್ಟೆಗೆ ಇಳಿಯಿತು. ನಾನು ಪುಟದ ಮೇಲಿನ ಬೆರಳನ್ನು ತೆಗೆಯಲು ಮರೆತು ಹಾಗೇ ನಿಂತಿದ್ದೆ.

ಆಮೇಲೆ ಅತ್ತಿಗೆ ಯಜಮಾನಿಯ ಕಡೆ ತಿರುಗಿ ತನ್ನ ತಪ್ಪು ಹೇಳಿಕೊಂಡಳು. ಆ ಸಲ ಗೂಡು ತುಂಬಿಹೋಗಿತ್ತು. ಅಜ್ಜಿಯ ಬಟ್ಟಲು ಕೆಳಗಿನ ಸಾಲಿನಲ್ಲಿ ಬಾಗಿಲ ಮೂಲೆಗೆ ಹೋಯಿತು, ಅಲ್ಲಿ ಬೆಂಕಿ ಸಾಲದು ಎಂದು ಗೊತ್ತಿತ್ತು. ಬಣ್ಣ ಬೇರೆ ಬಂದಾಗಲೇ ಬಾರಿಸಿ ನೋಡಬೇಕಿತ್ತು. ಅಜ್ಜಿಗೆ ಬೇಗ ಕೊಡುವ ಆಸೆಯಲ್ಲಿ ನೋಡಲಿಲ್ಲ. "ತಪ್ಪು ನಂದೇ ಮೇಡಂ. ಇವಳ ಲೆಕ್ಕ ಸರಿಯಾಗಿದೆ."

ಯಜಮಾನಿ ಊಟ ಮುಗಿಸಿ, ಅಜ್ಜಿಯನ್ನು ಬಾಗಿಲಿಂದಲೇ ನೋಡಿ ಹೋದರು. ಗೂಡಿನ ವಿಷಯ ಎತ್ತಲಿಲ್ಲ. ಮೇಸ್ತ್ರಿ ಇನ್ನಾರು ತಿಂಗಳು ಇರುತ್ತಾರಂತೆ ಎಂದು ಸೋಮವಾರ ಸಂಜೆ ಅತ್ತಿಗೆ ಕೈ ತೊಳೆಯುತ್ತಾ ಹೇಳಿದಳು.

ನಾನು ಕಾದಿದ್ದ ಜಗಳ ಭಾನುವಾರವೇ ಆಗಿತ್ತು. ಆದರೆ ಅದು ನನ್ನ ಜೊತೆ. ಅಣ್ಣ ಕೂಗಾಡಿದ. ಅಜ್ಜಿ ಸತ್ತೇ ಹೋಗಿದ್ದರೆ ಅದನ್ನೂ ಬರೆದಿಡುತ್ತಿದ್ದೆಯಾ, ಗಂಟೆ ಸಮೇತ, ಎಂದ. ಅವನು ಕೂಗಿದ್ದು ನನಗೆ ಅಷ್ಟು ತಾಗಲಿಲ್ಲ. ಅಮ್ಮ ಮೆತ್ತಗೆ ಕೇಳಿದಳು.

"ಐದು ದಿನ ಹೇಗೇ ನುಂಗ್ಕೊಂಡಿದ್ದೆ? ನಾನು ಅವಳನ್ನ ಮೊಟ್ಟೆ ಮೊಟ್ಟೆ ಅಂತ ಬೈತಾ ಇದ್ದಾಗ ನೀನು ಅಲ್ಲೇ ಇದ್ಯಲ್ಲೇ."

ಅತ್ತಿಗೆ ಆ ಬಟ್ಟಲನ್ನು ಹಿತ್ತಲಿಗೆ ಒಯ್ದು ಕಲ್ಲಿನಿಂದ ಒಡೆದಳು. ಯಾರಾದರೂ ಕಂಡು ಮತ್ತೆ ಬಳಸಬಾರದು ಎಂದಳು. ಬೂದು ಬಟ್ಟಲುಗಳನ್ನೆಲ್ಲ ಒಂದೊಂದಾಗಿ ಬಾರಿಸಿ, ಕುದಿಸಿ, ಅಮ್ಮನ ಮುಂದೆಯೇ ತೂಗಿ ಕಪಾಟಿಗೆ ಸೇರಿಸಿದಳು. ಬಟ್ಟಲು ರಿಪೇರಿಗೆ ಹೋಗಿದೆ ಎಂದು ಅಜ್ಜಿಗೆ ಹೇಳಿ, ಅವತ್ತಿನಿಂದ ಅಮ್ಮನೇ ಅವಳಿಗೆ ಉಣಿಸತೊಡಗಿದಳು. ನನಗೆ ಬೇಡ ಎಂದು ಯಾರೂ ಹೇಳಲಿಲ್ಲ. ಎಂಟಕ್ಕೆ, ಹನ್ನೆರಡಕ್ಕೆ, ಏಳೂವರೆಗೆ ಅಮ್ಮ ಸುಮ್ಮನೆ ನನ್ನ ಪಕ್ಕದಿಂದ ಹಾದು ಸ್ಟೀಲಿನ ಬಟ್ಟಲು ಎತ್ತಿಕೊಂಡು ಹೋಗುತ್ತಿದ್ದಳು. ಅವಸರದಲ್ಲಿ ದೊಡ್ಡ ಚಮಚ ಹಾಕುತ್ತಾಳೆ ಎಂದು ಅಜ್ಜಿ ಗೊಣಗುವುದು ಕೇಳಿಸುತ್ತಿತ್ತು.

ಬುಧವಾರ ಮಧ್ಯಾಹ್ನದ ಪಾಳಿಗೆ ಹೊರಟಿದ್ದ ಅತ್ತಿಗೆ ಬಾಗಿಲಲ್ಲಿ ನಿಂತಳು.

"ನೀನ್ಯಾಕೆ ಹತ್ರ ಬರ್ತಿಲ್ಲ ಅಂತ ಅಜ್ಜಿ ದಿನಾ ಕೇಳ್ತಿದ್ದಾರೆ. ಜ್ವರ ಅಂತ ಎರಡು ದಿನ ಸುಳ್ಳು ಹೇಳ್ದೆ. ಇನ್ನು ಹೇಳಲ್ಲ. ನೀನೇ ಹೋಗಿ ಹೇಳು."

"ನೀವೇ ಹೇಳಬಹುದಿತ್ತಲ್ಲ."

"ಹೇಳಬಹುದಿತ್ತು," ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು. ನನ್ನನ್ನು ಕ್ಷಮಿಸಿದ ಮುಖವೇನೂ ಅವಳದಾಗಿರಲಿಲ್ಲ. ಅವಳಿಗೆ ಎಷ್ಟೇ ಸಿಟ್ಟಿದ್ದರೂ ಅಜ್ಜಿಗೆ ಚಾಡಿ ಹೇಳಲಿಲ್ಲವಲ್ಲ, ಅದಕ್ಕೂ ನನಗೆ ಹೊಟ್ಟೆ ಉರಿಯಿತು.

ಅಮ್ಮ ಓವನ್ನಿನ ಮುಂದೆ ಸಿಕ್ಕಿಕೊಂಡಿದ್ದಳು. ನಾನು ಅಜ್ಜಿಯ ಮಂಚದ ಅಂಚಿನಲ್ಲಿ ಕೂತೆ. ಅವಳ ಕೆನ್ನೆ ಇನ್ನೂ ಒಳಕ್ಕೆ ಹೋಗಿತ್ತು.

"ಅಜ್ಜಿ, ಆ ಬಟ್ಟಲು ಸರಿಯಿಲ್ಲ ಅಂತ ನಂಗೆ ಮಂಗಳವಾರಾನೇ ಗೊತ್ತಿತ್ತು. ನೀರು ಕುಡೀತಿತ್ತು ಅದು. ಅದ್ರಿಂದಾನೇ ನಿಂಗೆ ಹೊಟ್ಟೆ ಕೆಟ್ಟಿರಬಹುದು. ಭಾನುವಾರದವರೆಗೂ ನಾನು ಬಾಯಿ ಬಿಡ್ಲಿಲ್ಲ."

ಅಜ್ಜಿ ಕಣ್ಣು ಕಿರಿದು ಮಾಡಿದಳು. "ಯಾಕೆ?"

"ಅವರ ಯಜಮಾನಿ ಮುಂದೆ ಅತ್ತಿಗೆಗೆ ಅವಮಾನ ಆಗ್ಲಿ ಅಂತ."

"ಆಯ್ತಾ?"

"ಆಯ್ತು."

ಬೈಯಲಿ, ಹೊಡೆಯಲಿ ಎಂದು ಕಾದೆ. ಅವಳು ಹಾಸಿಗೆಯ ಮೇಲೆ ಏನೋ ತಡಕಾಡುವಂತೆ ಕೈಯಾಡಿಸಿದಳು.

"ಬಟ್ಟಲು ರಿಪೇರಿಗೆ ಹೋಗಿದೆ ಅಂದ್ಲಲ್ಲ ನಿಮ್ಮಮ್ಮ?"

"ಇಲ್ಲ ಅಜ್ಜಿ. ಒಡೆದು ಹಾಕಿದ್ರು."

ಅಜ್ಜಿಯ ಕಣ್ಣು ತುಂಬಿ ಬಂತು. ಹೊಟ್ಟೆ ಹಿಂಡಿ ಮೂರು ದಿನ ನರಳಿದಾಗಲೂ ಅಳದವಳು ಆ ಬಟ್ಟಲಿಗಾಗಿ ಅತ್ತಳು. ನಾನು ಸೆರಗಿನ ತುದಿಯಿಂದ ಅವಳ ಕೆನ್ನೆ ಒರೆಸಿದೆ. ಅವಳು ಬೇಡ ಎನ್ನಲಿಲ್ಲ, ಬೇಕು ಎಂದೂ ಅನ್ನಲಿಲ್ಲ.

"ಅತ್ತಿಗೆ ಇನ್ನೊಂದು ಮಾಡಿದ್ದಾರೆ," ಎಂದೆ. ಅವಳು ಅಮ್ಮನಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿದ್ದಿತ್ತು. "ಅದೇ ಅಳತೆ. ಒಣಗಬೇಕು, ಬೇಯಬೇಕು. ಬರೋ ವಾರ ಶನಿವಾರ ಗೂಡು ತೆರೀತಾರೆ."

"ಅಲ್ಲೀವರೆಗೆ?"

"ಸ್ಟೀಲಿಂದು."

"ಅದು ಜಾರುತ್ತೆ."

"ನಾನು ಹಿಡ್ಕೋತೀನಿ. ಚಮಚ ನಿನ್ನ ಕೈಲೇ ಇರಲಿ."

ಅಜ್ಜಿ ಮಾರುಕಟ್ಟೆಯಲ್ಲಿ ತರಕಾರಿ ಆರಿಸುವವಳಂತೆ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಕೊನೆಗೆ ಕೈ ಚಾಚಿದಳು. ನಾನು ಚಮಚ ಕೊಟ್ಟೆ. ಮೊದಲ ತುತ್ತಿನಲ್ಲಿ ಅರ್ಧ ನನ್ನ ಮಣಿಕಟ್ಟಿನ ಮೇಲೆ ಚೆಲ್ಲಿತು. ಬಿಸಿಯಾಗಿತ್ತು. ನಾನು ಕೈ ಕದಲಿಸಲಿಲ್ಲ. ಶನಿವಾರಕ್ಕೆ ಇನ್ನೂ ಹತ್ತು ದಿನವಿತ್ತು, ದಿನಕ್ಕೆ ಮೂರು ಊಟ. ಬಟ್ಟಲನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಕೂತೆ.